ಬತ್ತಿದ ಬಾವಿ, ಬಾಡದ ತೋಟ

ಬೆಟ್ಟ ಹತ್ತಿ ಬರುವ ಯಾತ್ರಿಕರ ಕೈಯಲ್ಲಿ ಮೇಣದ ಬತ್ತಿ ಇರುತ್ತದೆ, ಹೂವಿನ ಮಾಲೆ ಇರುತ್ತದೆ, ಜಪಮಾಲೆ ಇರುತ್ತದೆ. ಆದರೆ ಎಲ್ಲರ ಮನಸ್ಸಿನಲ್ಲೂ ಪ್ರಾರ್ಥನೆ ಇರುತ್ತದೆ ಎಂದು ಹೇಳುವಂತಿಲ್ಲ. ಮನೆಯಲ್ಲಿ ಒಂದು ಸಾವು ಆಗಿರುತ್ತದೆ. ದೊಡ್ಡ ಕಾಯಿಲೆ ಬಂದು ಹೋಗಿರುತ್ತದೆ. ಸಾಲ, ಜಗಳ, ಮುರಿದ ಸಂಬಂಧ ಏನೋ ಒಂದು. ಆಗ ಮನುಷ್ಯ ದೇವಾಲಯಕ್ಕೆ ಬರುವುದನ್ನು ಬಿಡುವುದಿಲ್ಲ, ಆದರೆ ಒಳಗೆ ಬಂದು ಕುಳಿತರೆ ಒಂದು ಮಾತೂ ಹೊರಡುವುದಿಲ್ಲ. "ಮೊದಲಿನ ಹಾಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ದೇವರು ಕೈಬಿಟ್ಟನೋ, ತನ್ನ ಭಕ್ತಿಯೇ ಸುಳ್ಳೋ" ಎಂಬ ಸಂಕಟ ಒಳಗೊಳಗೇ ಕೊರೆಯುತ್ತದೆ.

ಪ್ರಿಯ ಯಾತ್ರಿಕರೇ, ಈ ಪಾಠ ಅಂಥವರಿಗಾಗಿ. ಇದನ್ನು ಕಲಿಸುವುದು ಒಂದು ತೋಟ.

ಬೈಬಲಿನ ಮೂರು ತೋಟಗಳು

ಪವಿತ್ರ ಗ್ರಂಥದಲ್ಲಿ ಮನುಷ್ಯನ ಕಥೆ ತೋಟದಿಂದಲೇ ಶುರುವಾಗುತ್ತದೆ. ಏದೆನ್ ತೋಟವನ್ನು ನೆಟ್ಟವರು ದೇವರು. ಅದನ್ನು ವ್ಯವಸಾಯ ಮಾಡಿ ಕಾಯುವ ಕೆಲಸವನ್ನು ಆದಾಮನಿಗೆ ಕೊಟ್ಟರು. ಆ ತೋಟವನ್ನು ಮನುಷ್ಯ ಕಳೆದುಕೊಂಡ. ಎರಡನೆಯದು ಗೆತ್ಸೆಮನಿ, ಓಲಿವ್ ಮರಗಳ ತೋಪು. ಅಲ್ಲಿ ಯೇಸುಸ್ವಾಮಿ ದುಃಖದಿಂದ ಕುಗ್ಗಿ ಪ್ರಾರ್ಥಿಸಿದರು. ಅವರ ಆಪ್ತ ಶಿಷ್ಯರು ಎಚ್ಚರವಾಗಿರಲಾರದೆ ನಿದ್ದೆ ಹೋದರು. ಮೂರನೆಯದು ಶಿಲುಬೆಗೇರಿಸಿದ ಸ್ಥಳದ ಪಕ್ಕದಲ್ಲೇ ಇದ್ದ ತೋಟ. ಆ ತೋಟದ ಹೊಸ ಸಮಾಧಿಯಲ್ಲಿ ಪ್ರಭುವಿನ ದೇಹವನ್ನು ಇಟ್ಟರು ಎಂದು ಸಂತ ಯೊವಾನ್ನರು ಬರೆಯುತ್ತಾರೆ.

ಅದೇ ತೋಟಕ್ಕೆ ಭಾನುವಾರ ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಬಂದಳು. ಅಳುತ್ತಾ ನಿಂತಳು. ಎದುರಿಗೇ ನಿಂತಿದ್ದ ಪುನರುತ್ಥಾನಿ ಪ್ರಭುವನ್ನು ನೋಡಿ, ಇವರು ಯಾರೋ ತೋಟಗಾರ ಇರಬೇಕು ಅಂದುಕೊಂಡಳು. ತನ್ನ ಹೆಸರು ಹಿಡಿದು ಕರೆದ ಮೇಲೆಯೇ ಅವಳಿಗೆ ಗುರುತು ಸಿಕ್ಕಿದ್ದು. ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಮರಿಯಳು ಗುರುತು ಹಿಡಿಯದೆ ಇದ್ದ ಹೊತ್ತಿನಲ್ಲೂ ಪ್ರಭು ಅಲ್ಲೇ ಇದ್ದರು. ಕಣ್ಣೀರು ತುಂಬಿದ ಕಣ್ಣಿಗೆ ಕಾಣಲಿಲ್ಲ, ಅಷ್ಟೇ. ದುಃಖದಲ್ಲಿ ದೇವರು ಕಾಣದೆ ಇರುವುದು ಬೇರೆ, ದೇವರು ಇಲ್ಲದೆ ಇರುವುದು ಬೇರೆ.

ಕಾಯಿಲೆ ಬಿದ್ದ ಕನ್ಯಾಸ್ತ್ರೀ

ಈ ತೋಟದ ಪಾಠವನ್ನು ತನ್ನ ಬದುಕಿನಲ್ಲಿಯೇ ಕಲಿತವರು ಆವಿಲಾದ ಸಂತ ತೆರೇಸಾ. ಅವರು 1515ರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿದರು. ಆವಿಲಾ ನಗರ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಒಣ ಪ್ರದೇಶದಲ್ಲಿ. ಚಳಿ ಜಾಸ್ತಿ, ಮಳೆ ಕಡಿಮೆ. ನೀರಿನ ಬೆಲೆ ಗೊತ್ತಿದ್ದ ಊರು ಅದು.

1535ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ತೆರೇಸಾ ಅದೇ ಊರಿನ ಕಾರ್ಮೆಲ್ ಮಠಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು. ತಂದೆ ಅವರನ್ನು ಬೇರೆ ಊರಿಗೆ ಕರೆದುಕೊಂಡು ಹೋಗಿ ಒಬ್ಬ ನಾಟಿ ವೈದ್ಯೆಯಿಂದ ಮದ್ದು ಮಾಡಿಸಿದರು. ಆ ಮದ್ದಿನಿಂದ ಕಾಯಿಲೆ ಇನ್ನೂ ಜಾಸ್ತಿಯಾಯಿತು. 1539ರ ಆಗಸ್ಟ್‌ನಲ್ಲಿ ನಾಲ್ಕು ದಿನ ಪ್ರಜ್ಞೆಯೇ ಇರಲಿಲ್ಲ. ಸತ್ತೇ ಹೋದರು ಎಂದುಕೊಂಡು ಮಠದಲ್ಲಿ ಸಮಾಧಿ ಅಗೆದು ಇಟ್ಟಿದ್ದರು. ಎಚ್ಚರವಾದಾಗ ಬಲಗೈಯ ಒಂದು ಬೆರಳನ್ನು ಬಿಟ್ಟರೆ ಬೇರೇನೂ ಅಲುಗುತ್ತಿರಲಿಲ್ಲ. ಸುಮಾರು ಮೂರು ವರ್ಷ ಕೈಕಾಲು ಸ್ವಾಧೀನಕ್ಕೆ ಬರಲಿಲ್ಲ. ಕೊನೆಗೆ ಅಂಬೆಗಾಲಿಡುವಷ್ಟು ಶಕ್ತಿ ಬಂದಾಗ ಅದಕ್ಕೇ ದೇವರನ್ನು ಸ್ತುತಿಸಿದರು. ತಾವು ಗುಣವಾದದ್ದು ಸಂತ ಜೋಸೆಫರ ಮಧ್ಯಸ್ಥಿಕೆಯಿಂದ ಎಂದು ಅವರು ಕೊನೆಯವರೆಗೂ ನಂಬಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಗುಣಮುಖಳಾದ ಒಬ್ಬ ಭಕ್ತೆಯ ಕಥೆಯಷ್ಟೇ ಆಗಿರುತ್ತಿತ್ತು. ನಿಜವಾದ ಬರಗಾಲ ಬಂದದ್ದು ಆಮೇಲೆ. ಕಾಯಿಲೆಯಲ್ಲಿ ಮಲಗಿದ್ದಾಗ ಪ್ರಾರ್ಥನೆ ಬಿಡದಿದ್ದ ತೆರೇಸಾ, ಎದ್ದು ಓಡಾಡುವಂತಾದ ಮೇಲೆ ಮೌನ ಪ್ರಾರ್ಥನೆಯನ್ನೇ ಬಿಟ್ಟುಬಿಟ್ಟರು. ತನ್ನಂಥ ಅಯೋಗ್ಯಳಿಗೆ ದೇವರ ಜೊತೆ ಆಪ್ತವಾಗಿ ಮಾತಾಡುವ ಹಕ್ಕು ಎಲ್ಲಿದೆ ಅಂತ ಅವರಿಗೆ ಅನಿಸಿತ್ತು. ಅದೇ ವಿನಯ ಎಂದು ಅವರು ತಿಳಿದಿದ್ದರು. ಇದು ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅವರ ತಂದೆ ಪ್ರಾರ್ಥನೆ ಮಾಡುವುದನ್ನು ಕಲಿತದ್ದೇ ಮಗಳಿಂದ. ಆ ತಂದೆ ಮಠಕ್ಕೆ ಬಂದು ದೇವರ ವಿಷಯ ಮಾತಾಡಿದಾಗ, ತಾನೀಗ ಹಾಗೆ ಪ್ರಾರ್ಥಿಸುತ್ತಿಲ್ಲ, ಆರೋಗ್ಯ ಸರಿಯಿಲ್ಲ ಎಂದು ಮಗಳು ಹೇಳಿದರು. ತಂದೆ ಅದನ್ನು ನಂಬಿದರು.

1543ರ ಕೊನೆಯಲ್ಲಿ ತಂದೆ ತೀರಿಕೊಂಡರು. ಆಗ ತಂದೆಯ ಪಾಪನಿವೇದನೆ ಕೇಳುತ್ತಿದ್ದ ಡೊಮಿನಿಕನ್ ಗುರುಗಳ ಬಳಿ ತೆರೇಸಾ ಮನಸ್ಸು ಬಿಚ್ಚಿ ಮಾತಾಡಿದರು. ಏನೇ ಆದರೂ ಪ್ರಾರ್ಥನೆ ಬಿಡಬಾರದು ಎಂದು ಆ ಗುರುಗಳು ತಿದ್ದಿದರು. ತೆರೇಸಾ ಮತ್ತೆ ಶುರುಮಾಡಿದರು, ಇನ್ನೆಂದೂ ಬಿಡಲಿಲ್ಲ. ತಾನು ಮಾಡಿದ ತಪ್ಪುಗಳಲ್ಲಿ ಪ್ರಾರ್ಥನೆ ಬಿಟ್ಟದ್ದೇ ದೊಡ್ಡದು ಎಂಬುದು ಅವರ ಜೀವನದ ದೊಡ್ಡ ತಿಳುವಳಿಕೆ. ಅಯೋಗ್ಯ ಎಂದು ದೂರ ಉಳಿಯುವುದು ವಿನಯವಲ್ಲ. ಕಾಯಿಲೆಯವನು ತಾನು ವಾಸಿಯಾದ ಮೇಲೆ ವೈದ್ಯರ ಹತ್ತಿರ ಹೋಗುತ್ತೇನೆ ಅಂದ ಹಾಗೆ ಅದು.

ನೀರು ಹಾಕುವ ನಾಲ್ಕು ಬಗೆ

ಇದೆಲ್ಲ ಆಗಿ ಎಷ್ಟೋ ವರ್ಷಗಳ ನಂತರ, ಗುರುಗಳ ಆಜ್ಞೆಯಂತೆ, ತೆರೇಸಾ ತಮ್ಮ ಜೀವನಚರಿತ್ರೆ ಬರೆದರು. ಅದರ ಮೊದಲ ಪ್ರತಿ ಮುಗಿದದ್ದು 1562ರಲ್ಲಿ. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1588ರಲ್ಲಿ. ಅದರಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ಹೋಲಿಸಿದ್ದಾರೆ. ಆತ್ಮ ಎಂದರೆ ಕಳೆ ತುಂಬಿದ ಬಂಜರು ನೆಲ. ಕಳೆ ಕಿತ್ತು ಒಳ್ಳೆಯ ಗಿಡ ನೆಡುವವರು ದೇವರು. ಆ ಗಿಡಗಳು ಸಾಯದಂತೆ ನೀರು ಹಾಕುವುದು ಮನುಷ್ಯನ ಕೆಲಸ. ಆ ತೋಟದಲ್ಲಿ ಸಂತೋಷದಿಂದ ಓಡಾಡಲು ಒಡೆಯ ಆಗಾಗ ಬರುತ್ತಾರೆ.

ನೀರು ಹಾಕುವುದಕ್ಕೆ ಅವರು ಹೇಳಿದ ನಾಲ್ಕು ಬಗೆಗಳು ಕನ್ನಡ ನಾಡಿನ ಯಾವ ರೈತನಿಗೂ ಹೊಸದಲ್ಲ.

ಮೊದಲನೆಯದು ಬಾವಿಯಿಂದ ಕೊಡದಲ್ಲಿ ಸೇದಿ ಹಾಕುವುದು. ಕೈ ಬೊಬ್ಬೆ ಬರುತ್ತದೆ, ಸೊಂಟ ನೋಯುತ್ತದೆ, ಸಿಗುವ ನೀರು ಸ್ವಲ್ಪ. ಹೊಸದಾಗಿ ಪ್ರಾರ್ಥನೆ ಕಲಿಯುವವರ ಪಾಡು ಇದು. ಮನಸ್ಸನ್ನು ಒಂದು ಕಡೆ ನಿಲ್ಲಿಸುವುದೇ ದೊಡ್ಡ ಕೂಲಿ.

ಎರಡನೆಯದು ಮಡಕೆಗಳನ್ನು ಸಾಲಾಗಿ ಕಟ್ಟಿದ ಚಕ್ರ ತಿರುಗಿಸಿ ನೀರೆತ್ತುವುದು. ಇಲ್ಲಿಯ ಏತದ ಹಾಗೆ, ಶ್ರಮ ಕಡಿಮೆ, ನೀರು ಹೆಚ್ಚು. ಮನಸ್ಸು ಸ್ವಲ್ಪ ಶಾಂತವಾದಾಗ ಪ್ರಾರ್ಥನೆ ಹೀಗೆ ಹಗುರಾಗುತ್ತದೆ.

ಮೂರನೆಯದು ಹೊಳೆ ಅಥವಾ ತೋಡಿನ ನೀರನ್ನು ತಿರುಗಿಸಿ ಬಿಡುವುದು. ಕರಾವಳಿಯಲ್ಲಿ ತೋಡಿಗೆ ಕಟ್ಟ ಕಟ್ಟಿ ಅಡಿಕೆ ತೋಟಕ್ಕೆ ನೀರು ಬಿಡುವ ಹಾಗೆ. ನೆಲ ಆಳದ ತನಕ ತೋಯುತ್ತದೆ. ತೋಟಗಾರ ದಾರಿ ಮಾಡಿ ಕೊಟ್ಟರೆ ಸಾಕು.

ನಾಲ್ಕನೆಯದು ಮಳೆ. ಇಲ್ಲಿ ಮನುಷ್ಯನ ಶ್ರಮ ಏನೂ ಇಲ್ಲ. ಎಲ್ಲವೂ ದೇವರ ಕೃಪೆ.

ಈ ಹೋಲಿಕೆಯನ್ನು ಓದಿದವರು ಸಾಮಾನ್ಯವಾಗಿ ಮಳೆಯನ್ನೇ ಬಯಸುತ್ತಾರೆ. ಬಯಸುವುದು ತಪ್ಪಲ್ಲ. ಆದರೆ ಮಳೆಗಾಲ ಬರುವ ತನಕ ಗಿಡವನ್ನು ಉಳಿಸುವುದು ಕೊಡದ ನೀರೇ. ಮೇ ತಿಂಗಳಲ್ಲಿ ನೀರು ಹಾಕದೆ ಬಿಟ್ಟ ಎಳೆ ಸಸಿಗೆ ಜೂನ್ ತಿಂಗಳ ಮಳೆಯಿಂದ ಏನು ಪ್ರಯೋಜನ?

ಬಾವಿಯೇ ಬತ್ತಿದರೆ?

ಕಷ್ಟ ಕಂಡವರ ಪ್ರಶ್ನೆ ಇದಕ್ಕಿಂತ ಮುಂದಿನದು. "ಸೇದೋಕೆ ನಾವು ತಯಾರಿದ್ದೇವೆ, ಆದರೆ ಬಾವಿಯಲ್ಲೇ ನೀರಿಲ್ಲವಲ್ಲ?" ಎಂಬುದು ಅವರ ಅಳಲು. ಮಗನನ್ನು ಕಳೆದುಕೊಂಡ ತಾಯಿಗೆ ಪ್ರಾರ್ಥನೆಯ ಪುಸ್ತಕ ತೆರೆದರೆ ಅಕ್ಷರ ಕಾಣುತ್ತದೆ, ಅರ್ಥ ಇಳಿಯುವುದಿಲ್ಲ. ಕಣ್ಣೀರು ಕೂಡ ಒಂದು ದಿನ ನಿಂತುಹೋಗುತ್ತದೆ. ಉಳಿಯುವುದು ಬರೀ ಒಣಗಿದ ಮನಸ್ಸು.

ತೆರೇಸಾ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಅವರಿಗೇ ಸುಮಾರು 18 ವರ್ಷ ಇಂಥ ಒಣ ಪ್ರಾರ್ಥನೆಯ ಅನುಭವ ಇತ್ತು. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತ ದಿನಗಳು ಎಷ್ಟೋ ಇದ್ದವು ಎಂದು ಅವರೇ ಮುಚ್ಚಿಡದೆ ಬರೆದಿದ್ದಾರೆ. ಅವರ ಉತ್ತರದ ತಾತ್ಪರ್ಯ ಹೀಗಿದೆ: ತೋಟಗಾರ ಕೊಡವನ್ನು ಬಾವಿಗೆ ಇಳಿಸಲಿ. ಬರಿದಾಗಿಯೇ ಮೇಲೆ ಬಂದರೂ ಮರುದಿನ ಮತ್ತೆ ಇಳಿಸಲಿ. ಅವನು ತನ್ನ ಕೆಲಸ ಮಾಡಿದ್ದಾನೆ. ನೀರಿಲ್ಲದೆಯೂ ಹೂಗಳನ್ನು ಬಾಡದಂತೆ ಕಾಯುವುದು ದೇವರಿಗೆ ಗೊತ್ತು.

ಈ ಮಾತಿನಲ್ಲಿ ದೊಡ್ಡ ಸಮಾಧಾನವಿದೆ. ತೋಟ ಕೆಲಸಗಾರನದ್ದಲ್ಲ, ಒಡೆಯನದ್ದು. ಕೆಲಸಗಾರ ಸಂಜೆ ಲೆಕ್ಕ ಕೊಡಬೇಕಾದದ್ದು ಎಷ್ಟು ಕೊಡ ನೀರು ಸಿಕ್ಕಿತು ಎಂಬುದಕ್ಕಲ್ಲ, ಬಾವಿಯ ಹತ್ತಿರ ಹೋದನೋ ಇಲ್ಲವೋ ಎಂಬುದಕ್ಕೆ. ಏನೂ ಅನಿಸದೆ ಹೇಳಿದ ಒಂದು ಪರಲೋಕ ಮಂತ್ರ, ಮನಸ್ಸು ಎಲ್ಲೋ ಇದ್ದರೂ ಬೆರಳಲ್ಲಿ ಜಾರಿದ ಜಪಮಾಲೆಯ ಮಣಿ, ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತ ಹತ್ತು ನಿಮಿಷ, ಇವು ಯಾವುವೂ ವ್ಯರ್ಥವಲ್ಲ. ಖಾಲಿ ಕೊಡ ಇಳಿಸುವವನಿಗೆ ಇರುವುದು ನಂಬಿಕೆ ಒಂದೇ. ಅದಕ್ಕೇ ಅವನ ಕೆಲಸಕ್ಕೆ ಬೆಲೆ ಜಾಸ್ತಿ.

ಕತ್ತರಿ, ಕಳೆ ಮತ್ತು ಗೊಬ್ಬರ

ಮಲ್ಲಿಗೆ ಬೆಳೆಯುವ ಉಡುಪಿ ಕಡೆಯವರಿಗೆ ಗೊತ್ತು: ಗೆಲ್ಲು ಸವರದೆ ಬಿಟ್ಟರೆ ಗಿಡದ ತುಂಬ ಎಲೆ, ಹೂವು ಮಾತ್ರ ಕಡಿಮೆ. ಫಲ ಕೊಡುವ ಕೊಂಬೆಯನ್ನು ಇನ್ನೂ ಹೆಚ್ಚು ಫಲ ಕೊಡಲೆಂದು ತಂದೆ ಸವರುತ್ತಾರೆ ಎಂದು ಯೇಸುಸ್ವಾಮಿಯೂ ದ್ರಾಕ್ಷಾಬಳ್ಳಿಯ ಹೋಲಿಕೆಯಲ್ಲಿ ಹೇಳಿದ್ದಾರೆ.

ಆದರೆ ಈ ಮಾತನ್ನು ಎಲ್ಲೆಂದರಲ್ಲಿ ಬಳಸಬಾರದು. ಸಾವಿನ ಮನೆಗೆ ಹೋಗಿ "ದೇವರೇ ಸವರಿದ್ದು, ಸಹಿಸಿಕೊಳ್ಳಿ" ಎನ್ನುವುದು ಗಾಯದ ಮೇಲೆ ಉಪ್ಪು ಹಾಕಿದ ಹಾಗೆ. ಯೇಸು ಇನ್ನೊಂದು ಸಾಮತಿಯನ್ನೂ ಹೇಳಿದ್ದಾರೆ. ಒಳ್ಳೆಯ ಬೀಜ ಬಿತ್ತಿದ ಹೊಲದಲ್ಲಿ ರಾತ್ರಿ ಕಳೆ ಬಿತ್ತಿ ಹೋದವನು ಒಡೆಯನಲ್ಲ, ಒಬ್ಬ ವೈರಿ. ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗಲೂ, ಅವನದ್ದೂ ಅಲ್ಲ, ಅವನ ತಂದೆತಾಯಿಯದ್ದೂ ಅಲ್ಲ ಎಂದೇ ಪ್ರಭು ಉತ್ತರಿಸಿದರು. ಬಂದ ಕಷ್ಟವೆಲ್ಲ ಶಿಕ್ಷೆ ಎಂದು ಲೆಕ್ಕ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಕಷ್ಟದಲ್ಲಿ ದೇವರ ಪಾತ್ರ ಏನು? ಸಂತ ಲೂಕರ ಶುಭಸಂದೇಶದಲ್ಲಿರುವ ಅಂಜೂರದ ಮರದ ಸಾಮತಿ ಅದಕ್ಕೆ ಉತ್ತರ ಕೊಡುತ್ತದೆ. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿದುಹಾಕಲು ಒಡೆಯ ಹೇಳುತ್ತಾನೆ. ತೋಟಗಾರ ಅದರ ಪರವಾಗಿ ನಿಲ್ಲುತ್ತಾನೆ. ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡುತ್ತಾನೆ. ಗೊಬ್ಬರ ಎಂದರೇನು? ಕೊಳೆತದ್ದು, ಬಿಸಾಡಿದ್ದು, ಯಾರಿಗೂ ಬೇಡವಾದದ್ದು. ಅದನ್ನೇ ಬೇರಿಗೆ ಹಾಕಿ ಒಳ್ಳೆಯ ತೋಟಗಾರ ಹಣ್ಣು ತೆಗೆಯುತ್ತಾನೆ. ಕಷ್ಟವನ್ನು ಕಳಿಸಿದವರು ಯಾರು ಎಂಬ ಪ್ರಶ್ನೆಗೆ ಎಲ್ಲ ಸಲ ಉತ್ತರ ಸಿಗದು. ಆದರೆ ಕಷ್ಟವನ್ನು ವ್ಯರ್ಥವಾಗಲು ಬಿಡದ ತೋಟಗಾರ ಒಬ್ಬರಿದ್ದಾರೆ ಎಂಬುದು ವಿಶ್ವಾಸದ ಮಾತು.

ಸೆರೆಮನೆಯಿಂದ ಕಡಲೆ ಹೊಲಕ್ಕೆ

ತೆರೇಸಾ ಅವರ ಜೊತೆ ಕಾರ್ಮೆಲ್ ಸಭೆಯ ಸುಧಾರಣೆಗೆ ದುಡಿದವರು ಶಿಲುಬೆಯ ಸಂತ ಯೊವಾನ್ನರು. ಸುಧಾರಣೆಯನ್ನು ಒಪ್ಪದ ತಮ್ಮದೇ ಸಭೆಯ ಸಹೋದರರು 1577ರ ಡಿಸೆಂಬರಿನಲ್ಲಿ ಅವರನ್ನು ಹಿಡಿದು ತೊಲೇದೊ ನಗರದ ಮಠದ ಒಂದು ಇಕ್ಕಟ್ಟಾದ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳು ಅವರು ಅಲ್ಲಿದ್ದರು. 1578ರ ಆಗಸ್ಟ್‌ನಲ್ಲಿ ಹೊದಿಕೆಯ ಬಟ್ಟೆಯನ್ನು ಹರಿದು ಹಗ್ಗದಂತೆ ಕಟ್ಟಿ, ಅದನ್ನು ಹಿಡಿದು ಇಳಿದು ತಪ್ಪಿಸಿಕೊಂಡರು.

ಹೊರಗೆ ಬಂದ ಮೇಲೆ ಸೇಡು ತೀರಿಸಲು ಹೋಗಲಿಲ್ಲ. ಅದೇ ವರ್ಷ ಸ್ಪೇನಿನ ದಕ್ಷಿಣ ಭಾಗದ ಬೆಟ್ಟಗಳ ನಡುವೆ ಇದ್ದ ಒಂದು ಬಡ ಮಠಕ್ಕೆ ಹಿರಿಯರಾಗಿ ಹೋದರು. ಅಲ್ಲಿ ಸಹೋದರರ ಜೊತೆ ತಾವೂ ತೋಟದಲ್ಲಿ ಕೆಲಸ ಮಾಡಿದರು, ಬೆಟ್ಟದ ಮರಗಳ ನಡುವೆ ಕುಳಿತು ಪ್ರಾರ್ಥಿಸುವುದನ್ನು ಕಲಿಸಿದರು.

ಕಷ್ಟ ಒಂದೇ ಸಲಕ್ಕೆ ಮುಗಿಯಲಿಲ್ಲ. 1591ರಲ್ಲಿ ಅವರ ಎಲ್ಲ ಹುದ್ದೆಗಳೂ ಹೋದವು. ಹೆಸರು ಕೆಡಿಸುವ ಪ್ರಯತ್ನವೂ ನಡೆಯಿತು. ದೂರದ ಒಂದು ಒಂಟಿ ಮಠಕ್ಕೆ ಅವರು ಹೋದರು. ಅಲ್ಲಿಂದ ಆಗಸ್ಟ್‌ನಲ್ಲಿ ಬರೆದ ಒಂದು ಪತ್ರದಲ್ಲಿ ದೂರು ಇಲ್ಲ, ಬೈಗುಳ ಇಲ್ಲ. ಬೆಳಿಗ್ಗೆ ಹೊಲಕ್ಕೆ ಹೋಗಿ ಕಡಲೆ ಕಿತ್ತು ಬಂದದ್ದನ್ನು ಸಂತೋಷದಿಂದ ಬರೆದಿದ್ದಾರೆ! ಅದೇ ವರ್ಷ ಡಿಸೆಂಬರ್ 14ರಂದು ಅವರು ತೀರಿಕೊಂಡರು. ಎಲ್ಲವನ್ನೂ ಕಿತ್ತುಕೊಂಡರೂ ಒಬ್ಬ ಮನುಷ್ಯನಿಗೆ ಬೆಳಗಿನ ಕೆಲಸ, ಮಣ್ಣಿನ ವಾಸನೆ, ದೇವರ ಸಾನ್ನಿಧ್ಯ ಉಳಿದಿತ್ತು. ಅದರಲ್ಲೇ ಅವರಿಗೆ ತೃಪ್ತಿ ಸಿಕ್ಕಿತು.

ಮಂಗಳೂರಿಗೆ ಬಂದ ಬಳ್ಳಿ

ಇದೇ ಕಾರ್ಮೆಲ್ ಬಳ್ಳಿಯ ಒಂದು ಕವಲು ಕನ್ನಡ ನಾಡಿಗೂ ಬಂತು. 1870ರಲ್ಲಿ ಫ್ರಾನ್ಸ್ ದೇಶದ ಪೋ ನಗರದ ಕನ್ಯಾಮಠದಿಂದ ಹೊರಟ ಧರ್ಮಭಗಿನಿಯರು ಮಂಗಳೂರಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಿದರು. ಅವರಲ್ಲಿ ಒಬ್ಬರು ಗಲಿಲೇಯದಲ್ಲಿ 1846ರಲ್ಲಿ ಹುಟ್ಟಿದ ಮರಿಯಮ್ ಬವಾರ್ದಿ. ಎಳೆ ವಯಸ್ಸಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು, ಮನೆಗೆಲಸ ಮಾಡಿ ಬದುಕಿದವರು. 1871ರ ನವೆಂಬರ್ 21ರಂದು ಅವರು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. ಆದರೆ ಅಲ್ಲಿ ಅವರ ಬಗ್ಗೆ ತಪ್ಪು ತಿಳುವಳಿಕೆ ಬೆಳೆದು, 1872ರಲ್ಲಿ ಅವರನ್ನು ಫ್ರಾನ್ಸಿಗೆ ವಾಪಸ್ ಕಳಿಸಲಾಯಿತು.

ಅವಮಾನವಾಯಿತು ಎಂದು ಅವರು ಕೈಕಟ್ಟಿ ಕೂರಲಿಲ್ಲ. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಲು ದುಡಿದರು. 1878ರ ಆಗಸ್ಟ್‌ನಲ್ಲಿ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುತ್ತಿದ್ದಾಗ ಬಿದ್ದು ಕೈ ಮುರಿಯಿತು. ಆ ಗಾಯ ವಿಷವಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಒಂದು ತೋಟದಲ್ಲಿ ಬೇಡವಾದ ಬಳ್ಳಿಯನ್ನು ಇನ್ನೊಂದು ನೆಲದಲ್ಲಿ ನೆಟ್ಟು ಹೂ ಬಿಡಿಸುವುದು ದೇವರಿಗೆ ಕಷ್ಟದ ಕೆಲಸವಲ್ಲ.

ಅಂಗೈಯಷ್ಟು ಮೋಡ

ಕಾರ್ಮೆಲ್ ಎಂಬ ಹೀಬ್ರೂ ಮಾತಿಗೆ ಅರ್ಥವೇ ತೋಟ, ಫಲವತ್ತಾದ ನೆಲ. ಆದರೆ ಪ್ರವಾದಿ ಎಲೀಯರು ಆ ಬೆಟ್ಟದ ತುದಿಗೆ ಹೋದಾಗ ನಾಡಿನಲ್ಲಿ ಬರಗಾಲ ಇತ್ತು, ಮೂರನೆಯ ವರ್ಷ ನಡೆಯುತ್ತಿತ್ತು. ತೋಟ ಎಂಬ ಹೆಸರಿನ ಬೆಟ್ಟದ ಸುತ್ತ ಹಸಿರೇ ಇಲ್ಲ. ಎಲೀಯರು ನೆಲಕ್ಕೆ ಬಾಗಿ ಮುಖವನ್ನು ಮೊಣಕಾಲುಗಳ ನಡುವೆ ಇಟ್ಟು ಕುಳಿತರು. ಸಮುದ್ರದ ಕಡೆ ನೋಡಿ ಬಾ ಎಂದು ಸೇವಕನನ್ನು ಕಳಿಸಿದರು. ಅವನು ಹೋಗಿ ನೋಡಿ ಏನೂ ಇಲ್ಲ ಎಂದ. ಹೀಗೆ ಏಳು ಸಲ ಕಳಿಸಿದರು. ಏಳನೆಯ ಸಲ ಮನುಷ್ಯನ ಅಂಗೈಯಷ್ಟು ಚಿಕ್ಕ ಮೋಡ ಕಾಣಿಸಿತು. ಆಮೇಲೆ ದೊಡ್ಡ ಮಳೆ ಬಂತು.

ಆರು ಸಲ ಏನೂ ಕಾಣದೆ ವಾಪಸ್ ಬಂದ ಆ ಸೇವಕನ ಹೆಸರು ಬೈಬಲಿನಲ್ಲಿ ಇಲ್ಲ. ಆದರೆ ಅವನು ಆರನೆಯ ಸಲಕ್ಕೆ ಸಾಕು ಎಂದು ಕುಳಿತುಬಿಟ್ಟಿದ್ದರೆ ಆ ಚಿಕ್ಕ ಮೋಡವನ್ನು ಕಾಣುತ್ತಿರಲಿಲ್ಲ. ಯಾತ್ರೆ ಬರುವವರ ಪಾಡೂ ಅಷ್ಟೇ. ಈ ಸಲ ಬಂದಾಗ ಏನೂ ಕಾಣದಿರಬಹುದು. ಮತ್ತೆ ಬರಬೇಕು, ಮತ್ತೆ ನೋಡಬೇಕು.

ಮನೆಗೆ ಹೋದ ಮೇಲೆ

ಬೆಟ್ಟ ಇಳಿದು ಮನೆಗೆ ಹೋದ ಮೇಲೆ ಯಾತ್ರಿಕರು ಒಂದು ಸಣ್ಣ ಅಭ್ಯಾಸ ಇಟ್ಟುಕೊಳ್ಳಬಹುದು. ಮನೆಯ ಅಂಗಳದಲ್ಲೋ ಕಿಟಕಿಯ ಕುಂಡದಲ್ಲೋ ಒಂದು ಗಿಡ ಇಡಿ. ತುಳಸಿ, ದಾಸವಾಳ, ಮಲ್ಲಿಗೆ ಯಾವುದಾದರೂ ಸರಿ. ದಿನಾ ಅದಕ್ಕೆ ಒಂದು ಚೆಂಬು ನೀರು ಹಾಕುವಾಗ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿ. ಮನಸ್ಸಿಗೆ ಏನಾದರೂ ಅನಿಸಿತೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಡಿ. ದುಃಖ ತೀರಾ ಭಾರವಾದರೆ ಒಬ್ಬರೇ ಹೊರಬೇಡಿ. ತೆರೇಸಾ ಅವರಂತೆ ನಂಬಿಕೆಗೆ ಯೋಗ್ಯರಾದ ಗುರುಗಳ ಬಳಿಯೋ ಹಿರಿಯರ ಬಳಿಯೋ ಮನಸ್ಸು ಬಿಚ್ಚಿ ಮಾತಾಡಿ. ದೇಹಕ್ಕೆ ಮದ್ದು ಬೇಕಾದರೆ ವೈದ್ಯರ ಹತ್ತಿರವೂ ಹೋಗಿ.

ಧ್ಯಾನಕ್ಕೆ ಮೂರು ಪ್ರಶ್ನೆಗಳು

1. ಪ್ರಾರ್ಥನೆ ಒಣಗಿದ್ದು ಯಾವಾಗಿನಿಂದ? ಅದಕ್ಕೆ ಕಾರಣವಾದ ನೋವನ್ನು ದೇವರ ಮುಂದೆ ಹೆಸರಿಟ್ಟು ಹೇಳಿದ್ದಾಗಿದೆಯೇ?

2. "ಅಯೋಗ್ಯ" ಎಂಬ ಹೆಸರಿನಲ್ಲಿ ದೇವರಿಂದ ದೂರ ಉಳಿದದ್ದು ಇದೆಯೇ?

3. ಕಷ್ಟದಲ್ಲಿರುವ ನೆರೆಯವರಿಗೆ ಕೊಟ್ಟದ್ದು ಬರೀ ಉಪದೇಶವೋ, ಒಂದು ಕೊಡ ನೀರೋ?

ಪ್ರಾರ್ಥನೆ

ಪ್ರಭು ಯೇಸುವೇ, ಸಮಾಧಿಯ ತೋಟದಲ್ಲಿ ಅಳುತ್ತಿದ್ದವಳನ್ನು ನೀವು ಹೆಸರು ಹಿಡಿದು ಕರೆದಿರಿ. ಈ ಬೆಟ್ಟ ಹತ್ತಿ ಬಂದ ಪ್ರತಿಯೊಬ್ಬರ ಹೆಸರೂ ನಿಮಗೆ ಗೊತ್ತು. ಬಾವಿ ಬತ್ತಿದವರ ಕೈಗೆ ಕೊಡ ಇಳಿಸುವ ಶಕ್ತಿ ಕೊಡಿ. ನೀರು ಕಾಣದ ದಿನಗಳಲ್ಲಿ ಅವರ ತೋಟವನ್ನು ನೀವೇ ಕಾಯಿರಿ. ಮಳೆ ಬರುವ ತನಕ ಕಾಯುವ ತಾಳ್ಮೆಯನ್ನು ನಿಮ್ಮ ತಾಯಿ ಮರಿಯಮ್ಮನವರ ಪ್ರಾರ್ಥನೆಯ ಮೂಲಕ ದಯಪಾಲಿಸಿರಿ. ಆಮೆನ್.